ವಿಶ್ರಾಂತಿ ಯಾರದು?

ದುಡ್ಡು ಕೊಟ್ಟವನಿಗೆ ಎಷ್ಟು ಹಕ್ಕಿದೆ? ಈ ಪ್ರಶ್ನೆ ನನ್ನನ್ನು ಕಾಡ್ತಾ ಇದೆ.

ಕಳೆದ ಆಗಸ್ಟ್ 15ರ ರಜೆಗೆ ನಾವು ಐದು ಜನ ಸ್ನೇಹಿತರು ಎಲೆಕ್ಟ್ರಾನಿಕ್ ಸಿಟಿಯಿಂದ ಮಲ್ಪೆಗೆ ಹೋದೆವು. ಮಳೆಗಾಲ; ಕಡಲಿಗೆ ಇಳಿಯೋ ಹಾಗಿಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಇಲ್ಲ. ಅದು ಗೊತ್ತಿದ್ದೇ ಹೋಗಿದ್ದು, ಕಿಟಕಿಯಿಂದ ಕಡಲು ನೋಡಿದರೆ ಸಾಕಿತ್ತು. ರೆಸಾರ್ಟಿನ ಕಿಟಕಿ ತೆಗೆದರೆ ಕಾಂಪೌಂಡ್ ಗೋಡೆ! ಹಾಸಿಗೆ ತೇವ, ಗೀಸರ್ ಕೆಟ್ಟಿತ್ತು. ಮೋಸವೇ, ಅನುಮಾನ ಬೇಡ. ದುಡ್ಡು ವಾಪಸ್ ಕೇಳುವುದು ನ್ಯಾಯ. ಸಹಿಸಿಕೊಳ್ಳೋದೇ ಭಕ್ತಿ ಅಂತ ನಾನು ಹೇಳೋದಿಲ್ಲ.

ಆದರೆ ಮಾಲೀಕ ಫೋನ್ ಎತ್ತಲಿಲ್ಲ. ಕೈಗೆ ಸಿಕ್ಕವನು ರೂಮ್ ಬಾಯ್. ನಮ್ಮ ಸ್ನೇಹಿತನೊಬ್ಬ ಅವನನ್ನು ಅರ್ಧ ಗಂಟೆ ಬೈದ. ಬೈಸಿಕೊಂಡ ಹುಡುಗನೇ ಆಮೇಲೆ ಅಡುಗೆಮನೆಯಿಂದ ಬಕೆಟ್‌ನಲ್ಲಿ ಬಿಸಿನೀರು ಹೊತ್ತು ತಂದ. ಬೈದವನ ಕೆಲಸ ಏನು ಗೊತ್ತಾ? ಫೇಸ್ 1ರಲ್ಲಿ ಸಪೋರ್ಟ್ ಡೆಸ್ಕ್, ನೈಟ್ ಶಿಫ್ಟ್. ತಾನು ಕೆಡಿಸದ ಸಾಫ್ಟ್‌ವೇರಿಗೆ ದಿನಾ ಬೈಸಿಕೊಳ್ಳುವವನು. ಆ ನೋವು ಗೊತ್ತಿರುವವನೇ ಯಾಕೆ ಹೀಗೆ? ನೋವು ತಿಂದವರೆಲ್ಲ ಕರುಣೆ ಕಲೀತಾರೆ ಅನ್ನೋದು ಸುಳ್ಳು ಪ್ರಿಯರೇ. ಕೆಲವರು ತಮಗಿಂತ ಕೆಳಗಿನವನು ಸಿಗಲಿ ಅಂತ ಕಾಯ್ತಾರೆ.

ಧರ್ಮೋಪದೇಶಕಾಂಡ 5ನೇ ಅಧ್ಯಾಯ ತೆಗೆಯಿರಿ. ಸಬ್ಬತ್ತಿನ ಆಜ್ಞೆಯಲ್ಲಿ ದೇವರು ದಾಸದಾಸಿಯರ ವಿಶ್ರಾಂತಿಯನ್ನೂ ಸೇರಿಸಿದ್ದಾರೆ, ಎತ್ತು ಕತ್ತೆಗಳದ್ದನ್ನೂ. ಐಗುಪ್ತದಲ್ಲಿ ನೀವೂ ದಾಸರಾಗಿದ್ದದ್ದನ್ನು ನೆನಪಿಡಿ ಅಂತಾರೆ. ನೆನಪು ತಾನಾಗಿ ಬರೋದಿದ್ದರೆ ಆಜ್ಞೆ ಯಾಕೆ ಬೇಕಿತ್ತು?

ಇವತ್ತು ರಾತ್ರಿ ಶಿಫ್ಟ್ ಇರುವವರು ಮುಂದೆ ಬನ್ನಿ, ಪ್ರಾರ್ಥಿಸೋಣ.