ಲಾಭಕ್ಕೆ ಮೊದಲು ಮಣ್ಣಿನ ಪಾಲು

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್ ರಾಜ್ಯದ ಗಮನ ಸೆಳೆಯಿತು. ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿದರು. ಸರ್ಕಾರ ನಡುವೆ ಬಂದ ಮೇಲೆ ದರ 3,300ಕ್ಕೆ ನಿಂತಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಹಂಗಾಮು ಬಂದಾಗಲೆಲ್ಲ ರೈತ ರಸ್ತೆಗಿಳಿದು ತನ್ನ ಪಾಲು ಕೇಳಬೇಕೆಂದರೆ, ಕೊರತೆ ದರದಲ್ಲಷ್ಟೇ ಇಲ್ಲ, ಉದ್ಯಮವನ್ನು ಕಟ್ಟಿದ ರೀತಿಯಲ್ಲೇ ಇದೆ. ಯಾರ ಶ್ರಮ, ಯಾವ ಮಣ್ಣು, ಯಾವ ನೀರು ಸಂಪತ್ತನ್ನು ಹುಟ್ಟಿಸುತ್ತವೆಯೋ ಅವುಗಳ ಪಾಲು ಮೊದಲೇ ನಿಶ್ಚಿತವಾಗಿರಬೇಕು. ಬಳಸಿದ್ದನ್ನು ಮತ್ತೆ ತುಂಬಿಕೊಡುವ ‘ಮರುಪೂರಣದ ಉದ್ಯಮ’ ಎಂಬ ವಿಚಾರದ ತಿರುಳು ಇದು.

ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ 1945ರ ‘ಎಕಾನಮಿ ಆಫ್ ಪರ್ಮನೆನ್ಸ್’ ಕೃತಿಯಲ್ಲಿ ಇದಕ್ಕೊಂದು ತಾತ್ತ್ವಿಕ ತಳಹದಿ ಹಾಕಿದರು. ಆಶ್ರಯ ಕೊಟ್ಟದ್ದನ್ನೇ ಕೊಲ್ಲುವ ಪರಾವಲಂಬಿ ಬದುಕು ಕೆಳಗಿನದು. ಮಕರಂದ ಪಡೆಯುತ್ತಲೇ ಪರಾಗ ಹರಡುವ ಜೇನಿನ ಬದುಕು ಅದಕ್ಕಿಂತ ಮೇಲಿನದು. ಪ್ರತಿಫಲ ಬಯಸದ ಸೇವೆ ಎಲ್ಲಕ್ಕಿಂತ ಮೇಲಿನದು. ಈ ವಿಂಗಡಣೆಯಿಂದ ಒಂದು ಅಳತೆಗೋಲು ಸಿಗುತ್ತದೆ: ಮೂಲವನ್ನು ಮತ್ತೆ ತುಂಬಿಕೊಟ್ಟ ಮೇಲೆ ಉಳಿದದ್ದು ಮಾತ್ರ ಲಾಭ, ಅದಕ್ಕೆ ಮೊದಲೇ ತೆಗೆದುಕೊಂಡದ್ದೆಲ್ಲ ಬಂಡವಾಳವನ್ನೇ ತಿಂದದ್ದು.

ಘಟಪ್ರಭೆಯ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಹೊಲಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಸಕ್ಕರೆಯಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಅವು ಬಂದದ್ದು ಗಾಳಿ ಮತ್ತು ನೀರಿನಿಂದ. ಮಣ್ಣಿನ ರಂಜಕ, ಪೊಟ್ಯಾಶ್ ಇತ್ಯಾದಿ ಸತ್ವ ಕಬ್ಬಿನ ಒಣಗರಿಯಾದ ರವದಿಯಲ್ಲಿ, ಕಾಕಂಬಿಯಲ್ಲಿ, ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ಇವನ್ನು ಹೊಲಕ್ಕೆ ಮರಳಿಸಿದರೆ ಸಕ್ಕರೆ ಮಾರಿಯೂ ಮಣ್ಣನ್ನು ಬಡವಾಗಿಸದೆ ಇರಬಹುದು. ಆದರೆ ರವದಿಗೆ ಬೆಂಕಿ ಹಚ್ಚಿದರೆ ಸಾವಯವ ಅಂಶ ಸುಟ್ಟುಹೋಗುತ್ತದೆ. ಮಿತಿಮೀರಿ ನೀರು ಹಾಯಿಸಿದರೆ ಭೂಮಿ ಸವಳು-ಜವಳಾಗುತ್ತದೆ. ಕಾರ್ಖಾನೆ ಕಬ್ಬಿನ ತೂಕಕ್ಕೆ ಮಾತ್ರ ಹಣ ಕೊಡುವವರೆಗೆ ರವದಿಯನ್ನು ಮಣ್ಣಿಗೆ ಸೇರಿಸಿದ ರೈತನಿಗೂ ಸುಟ್ಟವನಿಗೂ ಒಂದೇ ದರ. ತಪ್ಪಿರುವುದು ರೈತನ ಸ್ವಭಾವದಲ್ಲಲ್ಲ, ಲೆಕ್ಕದಲ್ಲಿ.

ಪಾಲಿನ ಸೂತ್ರವೇನೂ ಹೊಸದಲ್ಲ. ಸಕ್ಕರೆ ಹಾಗೂ ಮುಖ್ಯ ಉಪಉತ್ಪನ್ನಗಳ ಮೌಲ್ಯದಲ್ಲಿ ಶೇ 70ರಷ್ಟು ಬೆಳೆಗಾರರಿಗೆ ಸಲ್ಲಬೇಕೆಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತ್ತು. ಕಬ್ಬಿಗೆ ಹೆಚ್ಚಿನ ದರ ಕೊಡಲು ಕಾರ್ಖಾನೆಗಳ ಆಕ್ಷೇಪವೂ ಹುರುಳಿಲ್ಲದ್ದಲ್ಲ: ಕೇಂದ್ರ ನಿಗದಿಪಡಿಸುವ ಕಬ್ಬಿನ ನ್ಯಾಯಯುತ ಹಾಗೂ ಲಾಭದಾಯಕ ದರ (ಎಫ್‌ಆರ್‌ಪಿ) 2018-19ರಲ್ಲಿ ಕ್ವಿಂಟಲ್‌ಗೆ 275 ರೂಪಾಯಿ ಇದ್ದದ್ದು 2025-26ಕ್ಕೆ 355 ಆಯಿತು, 2019ರಲ್ಲಿ ಕಿಲೋಗೆ 31 ರೂಪಾಯಿಗೆ ಏರಿದ್ದ ಸಕ್ಕರೆಯ ಕನಿಷ್ಠ ಮಾರಾಟ ದರ ಮಾತ್ರ ಗುರ್ಲಾಪುರದ ಹೋರಾಟದ ಹೊತ್ತಿಗೂ ಅಲ್ಲೇ ಇತ್ತು. ಆದರೆ ಇದು ಪಾಲು ಹಂಚಿಕೆಯ ಪರವಾದ ವಾದವೇ ಹೊರತು ವಿರುದ್ಧವಾದುದಲ್ಲ. ಪಾಲು ನಿಶ್ಚಿತವಾಗಿದ್ದು ಲೆಕ್ಕ ಬಯಲಿನಲ್ಲಿದ್ದರೆ ಏಳುಬೀಳುಗಳನ್ನೂ ಎರಡೂ ಕಡೆಯವರು ಹಂಚಿಕೊಳ್ಳಬಹುದು.

ಬೆಳೆಗಾರರೇ ಒಡೆಯರಾದರೆ ಲೆಕ್ಕ ಬಯಲಾಗುವುದು ಸುಲಭ ಎಂದರೆ, ಸಹಕಾರಿ ಸಂಸ್ಥೆಗಳೂ ಸೋತಿಲ್ಲವೇ ಎಂದು ಕೇಳುವವರಿದ್ದಾರೆ. ಸೋತಿವೆ. ಸದಸ್ಯರ ಹೆಸರು ಪುಸ್ತಕದಲ್ಲಿದ್ದು ಅಧಿಕಾರ ಕೆಲವರ ಕೈಯಲ್ಲಿದ್ದರೆ ಒಡೆತನ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದರೂ 1969ರಲ್ಲಿ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿಗಳಲ್ಲಿ ಒಂದಾಗಿ ಹುಟ್ಟಿದ ಹುಕ್ಕೇರಿಯ ಸಂಘ ದಶಕಗಳ ಕಾಲ ಬಾಳಿದೆ. ಬಳಸುವವರೇ ಒಡೆಯರಾಗುವುದು ಬರೀ ಕನಸಲ್ಲ ಎಂಬುದಕ್ಕೆ ಅದು ಸಾಕ್ಷಿ. ಒಡೆತನದ ಜೊತೆಗೆ ತೂಕ, ಇಳುವರಿ, ಉಪಉತ್ಪನ್ನಗಳ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ಕಟಾವು ಗ್ಯಾಂಗಿನ ಕೂಲಿಕಾರರಿಗೂ ಆ ಲೆಕ್ಕದಲ್ಲಿ ಸ್ಥಾನವಿರಬೇಕು.

ಶರಣರ ದಾಸೋಹ ಉಳಿದದ್ದನ್ನು ಕೊಡುವ ದಾನವಾಗಿರಲಿಲ್ಲ, ಕಾಯಕದೊಳಗಿನ ಕರ್ತವ್ಯವಾಗಿತ್ತು. ಈ ಪಾಲೂ ಹಾಗೆಯೇ ಇರಬೇಕು. ಮುಂದಿನ ಹಂಗಾಮಿನ ಮಾತುಕತೆಯಲ್ಲಿ ಟನ್ನಿನ ದರದ ಜೊತೆಗೆ ಮಣ್ಣಿನ ಪಾಲು, ಕೂಲಿಯ ಪಾಲು, ಲೆಕ್ಕ ನೋಡುವ ಹಕ್ಕು ಈ ಮೂರನ್ನೂ ಬೆಳೆಗಾರರು ಕೇಳಲಿ, ಕಾರ್ಖಾನೆಗಳು ಒಪ್ಪಲಿ.