ಮಾವನವರು ಕಟ್ಟಿದ ವಾಚ್

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 20:33-34

ಎಲ್ಲರೂ ಒಮ್ಮೆ ನಿಮ್ಮ ಕೈ ನೋಡ್ಕೊಳ್ಳಿ. ವಾಚ್ ಇದ್ದವರಲ್ಲಿ ಮಾವನ ಮನೆಯಿಂದ ಬಂದದ್ದು ಎಷ್ಟು ಜನರದು? ಬೇಡ, ಕೈ ಎತ್ತಬೇಡಿ. ಮೊದಲು ನಾನೇ ಎತ್ತುತ್ತೇನೆ.

ನನ್ನ ಮದುವೆಯಲ್ಲಿ ಮುಧೋಳದ ಮಾವನವರು ಸ್ಟೀಲ್ ಆಟೋಮ್ಯಾಟಿಕ್ ವಾಚ್ ಕಟ್ಟಿದರು. ನಾನು ಕೇಳಿರಲಿಲ್ಲ. ಆದರೆ "ಯಾವ ಕಂಪನೀದು ಬೇಕ್ರಿ?" ಅಂದಾಗ ಬೇಡ ಅನ್ನಲಿಲ್ಲ, ಫೋನಿನಲ್ಲಿ ಫೋಟೋ ತೋರಿಸಿದೆ.

ಆಟೋಮ್ಯಾಟಿಕ್ ಅಂದ್ರೆ ಸೆಲ್ ಇಲ್ಲ, ದಿನಾ ಕೀಲಿ ಕೊಡೋದೂ ಇಲ್ಲ. ಕೈ ಅಲ್ಲಾಡಿದಂತೆ ಒಳಗೊಂದು ತೂಕದ ತುಂಡು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಬಿಚ್ಚಿಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ನಿಲ್ಲುತ್ತದೆ. ಗೀಚು ಬೀಳಬಾರದು ಅಂತ ನಾನು ಭಾನುವಾರ ಮಾತ್ರ ಕಟ್ಟುತ್ತಿದ್ದೆ. ಪ್ರತಿ ಭಾನುವಾರ ತೆಗೆದರೆ ನಿಂತೇ ಇರುತ್ತಿತ್ತು. (ಭಾನುವಾರದ ವಿಶ್ವಾಸಿಗಳ ಬಗ್ಗೆ ಇಲ್ಲೇ ಒಂದು ಪ್ರಸಂಗ ಆಗ್ತದೆ, ಇವತ್ತು ಅದಲ್ಲ.)

ಹಾಗೆ ಒಂದಿನ ಟೈಮ್ ಸರಿಮಾಡ್ತಿದ್ದಾಗ ಹೆಂಡತಿ ಅಂದಳು: "ಆ ವರ್ಷ ಕಬ್ಬಿನ ಬಿಲ್ ಬಂದಿದ್ದಿಲ್ರಿ. ಅಪ್ಪ ಬಡ್ಡೀಲೆ ರೊಕ್ಕ ತಂದು ಅದನ್ನ ತಗೊಂಡಿದ್ದ. ಇನ್ನೂ ತೀರಿಲ್ಲ."

ಬೆಂಗಳೂರಿನಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಮಾಡಲು ಶುರುಮಾಡಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ ವರ್ಷ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಅಳಿಯನ ಕೈಗೆ ವಾಚ್ ಕಟ್ಟುವುದು ನಮ್ಮ ಜಮಖಂಡಿ, ಬೀಳಗಿ ಕಡೆ ನಿಂತಿಲ್ಲ. ಸಭೆಯೊಳಗೂ ನಿಂತಿಲ್ಲ. "ವರದಕ್ಷಿಣೆ ಅಲ್ರಿ ಪಾಸ್ಟರ್, ಪ್ರೀತಿಯ ಉಡುಗೊರೆ" ಅಂತೀರಿ. ನಾನೂ ಹಾಗೇ ಅಂದಿದ್ದೆ.

ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬಿಟ್ಟುಹೋಗುವಾಗ, ತಾನು ಯಾರ ಬೆಳ್ಳಿ ಬಂಗಾರಕ್ಕೂ ಬಟ್ಟೆಗೂ ಆಸೆಪಟ್ಟಿಲ್ಲ ಅಂತಾನೆ. ತನ್ನ ಕೈಗಳನ್ನೇ ಸಾಕ್ಷಿ ಮಾಡ್ತಾನೆ. ಡೇರೆ ಹೊಲಿದ ಕೈ ಅವು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮನೆಯಲ್ಲಿ ಬೆಳೆದವರಿಗೆ ಅಂಥ ಕೈ ಗೊತ್ತು. ಆ ವಾಕ್ಯ ಓದುವಾಗ ನಾನು ಅಂಗಿ ತೋಳು ಕೆಳಗೆ ಎಳ್ಕೊಂಡೆ.

ವಾಚ್ ಮಾರಿದೆ. ಅರ್ಧ ಬೆಲೆಯೂ ಬರಲಿಲ್ಲ. ರೊಕ್ಕ ಕೊಡಲು ಹೋದರೆ ಮಾವನವರಿಗೇ ಸಿಟ್ಟು: "ಮಂದಿ ಏನಂದಾರು?" ಬಡ್ಡಿಯವರ ಹತ್ರ ನಾನೇ ಹೋಗಿ ಕಟ್ಟಿದೆ. ಉಳಿದದ್ದು ಕಂತಿನಲ್ಲಿ ನಡೀತಿದೆ.

ನಿಶ್ಚಯ ಆಗಿರುವ ತಮ್ಮಂದಿರು ಇಲ್ಲಿ ನಾಲ್ಕು ಜನ ಇದ್ದೀರಿ, ನನಗೆ ಗೊತ್ತು. ಪ್ರಾರ್ಥನೆಗೆ ಮೊದಲು ಐದು ನಿಮಿಷ ಬಿಡ್ತೇನೆ. ಹೊರಗೆ ಹೋಗಿ ಮಾವನವರಿಗೆ ಫೋನ್ ಹಚ್ಚಿ. ಅವರು ಕೇಳುವ ತನಕ ಕಾಯಬೇಡಿ. "ವಾಚ್ ಬ್ಯಾಡ್ರಿ ಮಾವಾರ" ಅಂತ ನೀವೇ ಹೇಳಿ. ಹೋಗಿ ಬನ್ನಿ, ನಾವು ಕಾಯ್ತೇವೆ.