ಹುದ್ದೆ ಕಳೆದ ಮೇಲೆ ಉಳಿಯುವುದೇನು?



ಎಷ್ಟೋ ವರ್ಷಗಳ ಹಿಂದೆ ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ಈ ದೇಶಕ್ಕೆ ಬಂದ ನಮ್ಮಲ್ಲಿ ಹಲವರು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದೇವೆ. ಇಲ್ಲಿ ಸರ್ಕಾರಿ ಪಿಂಚಣಿಯ ವಯಸ್ಸು 2024ರಲ್ಲಿ 67ಕ್ಕೆ ಏರಿತು. ಪಿಂಚಣಿ ಎಷ್ಟು ಬರುತ್ತದೆ ಎಂಬ ಲೆಕ್ಕವನ್ನು ನಾವೆಲ್ಲರೂ ಹಾಕಿಕೊಂಡಿದ್ದೇವೆ. ಆದರೆ ಹುದ್ದೆ ಹೋದ ದಿನವೇ ಕರ್ತವ್ಯವೂ ಮುಗಿಯುತ್ತದೆಯೇ ಎಂಬ ಇನ್ನೊಂದು ಲೆಕ್ಕವನ್ನು ಹಾಕಿದವರು ಕಡಿಮೆ.

ಈ ಪ್ರಶ್ನೆ ಬಂದಾಗಲೆಲ್ಲ ನಮಗೆ ಅಡ್ಮಿರಲ್ ಲಕ್ಷ್ಮೀನಾರಾಯಣ ರಾಮದಾಸ್ ಅವರ ನೆನಪಾಗುತ್ತದೆ. 1933ರಲ್ಲಿ ಮುಂಬೈಯಲ್ಲಿ ಹುಟ್ಟಿದ ಇವರು 1953ರಲ್ಲಿ ಭಾರತೀಯ ನೌಕಾಪಡೆಯ ಅಧಿಕಾರಿಯಾದರು. 1971ರ ಯುದ್ಧದಲ್ಲಿ ಬಿಯಾಸ್ ಎಂಬ ನೌಕೆಯ ನಾಯಕರಾಗಿ, ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಯ ದಿಗ್ಬಂಧನದಲ್ಲಿ ಪಾಲ್ಗೊಂಡು ವೀರಚಕ್ರ ಪಡೆದರು. 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಹೆಣ್ಣುಮಕ್ಕಳು ವೈದ್ಯಕೀಯ ವಿಭಾಗದಾಚೆಗೂ ನೌಕಾಪಡೆಯ ಅಧಿಕಾರಿಗಳಾಗುವ ಬಾಗಿಲು 1992ರಲ್ಲಿ ತೆರೆದದ್ದು ಇವರ ಕಾಲದಲ್ಲೇ.

ಕಥೆ ಇಲ್ಲಿಗೇ ಮುಗಿದಿದ್ದರೂ ಅದು ತುಂಬು ಜೀವನವೇ ಆಗುತ್ತಿತ್ತು. ಅರವತ್ತರ ಹರೆಯದಲ್ಲಿ ನಿವೃತ್ತರಾದ ಅವರು ಪತ್ನಿ ಲಲಿತಾ ಅವರೊಂದಿಗೆ ಮಹಾರಾಷ್ಟ್ರದ ಅಲಿಬಾಗ್ ಬಳಿಯ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಸರ್ಕಾರ ಕೊಟ್ಟಿದ್ದ ಜಮೀನು ಅದು. ಅಲ್ಲಿ ಸಾವಯವ ಕೃಷಿ ಮಾಡಿದರು. ವಿಶೇಷ ಆರ್ಥಿಕ ವಲಯಕ್ಕಾಗಿ ರಾಯಗಡ ಜಿಲ್ಲೆಯ ರೈತರ ಭೂಮಿ ಕೈತಪ್ಪುವ ಪ್ರಸಂಗ ಬಂದಾಗ ದಂಪತಿಗಳಿಬ್ಬರೂ ರೈತರ ಜೊತೆಗೆ ನಿಂತರು. ಸಾವಿರಾರು ನಾವಿಕರಿಗೆ ಆಜ್ಞೆ ಕೊಡುತ್ತಿದ್ದವರು, ಆಜ್ಞೆಗೆ ಕಿವಿಗೊಡಬೇಕಾದ ಹಂಗೇ ಇಲ್ಲದ ಜನರ ನಡುವೆ ಕುಳಿತರು. ನಮ್ಮ ಹಿರಿಯರು ವಾನಪ್ರಸ್ಥವೆಂದು ಕರೆದದ್ದು ಇದನ್ನೇ ಇರಬಹುದೇನೋ!

ಆದರೆ ಅವರ ಸೇವೆಯೆಲ್ಲ ಎಲ್ಲರೂ ಚಪ್ಪಾಳೆ ತಟ್ಟುವಂಥದ್ದಾಗಿರಲಿಲ್ಲ. ಯಾವ ದೇಶದ ವಿರುದ್ಧ ಯುದ್ಧ ಮಾಡಿದ್ದರೋ ಆ ದೇಶದ ಜನರೊಂದಿಗೇ ಮಾತುಕತೆ ನಡೆಸುವ ವೇದಿಕೆಯಲ್ಲಿ ಅವರು ದುಡಿದರು. 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಣ್ವಸ್ತ್ರಗಳು ಬೇಡವೆಂದು ಸಾರಿ ಸಾರಿ ಹೇಳಿದರು. 2004ರಲ್ಲಿ ಪಾಕಿಸ್ತಾನದ ಐ. ಎ. ರೆಹಮಾನ್ ಅವರೊಂದಿಗೆ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಈ ನಿಲುವುಗಳನ್ನು ಒಪ್ಪದವರು ಬಹಳ ಮಂದಿ. ನಮ್ಮ ಊಟದ ಮೇಜಿನ ಸುತ್ತ ಕುಳಿತವರಲ್ಲೂ ಒಮ್ಮತವಿಲ್ಲ. ಸಮವಸ್ತ್ರ ತೊಟ್ಟವನು ಹೀಗೆ ಮಾತನಾಡಬಹುದೇ ಎಂದು ಕೇಳುವವರ ಪ್ರಶ್ನೆಯಲ್ಲೂ ತೂಕವಿದೆ.

ನಮಗೆ ತೋಚುವುದಿಷ್ಟು. ಅವರ ಅಭಿಪ್ರಾಯ ಸರಿಯೋ ತಪ್ಪೋ ಎಂಬುದು ಒಂದು ಪ್ರಶ್ನೆ. ಮೆಚ್ಚುಗೆ ಸಿಗುವ ಕಡೆಗೆ ಮಾತ್ರ ಸೇವೆ ಹರಿಯಬೇಕೇ ಎಂಬುದು ಬೇರೆಯೇ ಪ್ರಶ್ನೆ. ಮಾಜಿ ನೌಕಾಪಡೆ ಮುಖ್ಯಸ್ಥನಿಗೆ ಸುಮ್ಮನಿದ್ದರೂ ಗೌರವಕ್ಕೆ ಕೊರತೆಯಿರುವುದಿಲ್ಲ. ಆ ಗೌರವವನ್ನು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಕಾಪಾಡಿಕೊಳ್ಳದೆ, ತನಗೆ ಸರಿಯೆಂದು ಕಂಡದ್ದಕ್ಕೆ ಖರ್ಚು ಮಾಡುವುದು ಸುಲಭವಲ್ಲ. 2024ರ ಮಾರ್ಚ್ 15ರಂದು ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಮವಸ್ತ್ರ ಕಳಚಿದ ಮೇಲಿನ ಮೂವತ್ತು ವರ್ಷಗಳನ್ನು ಅವರು ಹೀಗೆ ಬದುಕಿದರು.

ನಾವಿರುವ ನಾಡಿನಲ್ಲೂ ಇದಕ್ಕೊಂದು ಜೋಡಿಯಿದೆ. ಡಚ್ ನೌಕಾಪಡೆಯ ಮುಖ್ಯ ನೆಲೆಯಾದ ಡೆನ್ ಹೆಲ್ಡರ್‌ಗೆ ಹೋದವರು ಡೋರಸ್ ರೈಕರ್ಸ್ (1847-1928) ಎಂಬ ಹೆಸರು ಕೇಳಿರಬಹುದು. ಆತ ಅಧಿಕಾರಿಯಲ್ಲ, ರಕ್ಷಣಾ ದೋಣಿಯ ಚುಕ್ಕಾಣಿ ಹಿಡಿದವನು. ಬಿರುಗಾಳಿಯಲ್ಲಿ ಒಡೆದ ಹಡಗುಗಳಿಂದ ಸುಮಾರು 487 ಜೀವಗಳನ್ನು ಉಳಿಸಿದನೆಂದು ಜನ ಇಂದಿಗೂ ಆತನನ್ನು ‘ಅಜ್ಜ ಡೋರಸ್’ ಎಂದೇ ನೆನೆಯುತ್ತಾರೆ. 1824ರಲ್ಲಿ ಆರಂಭವಾದ ಆ ರಕ್ಷಣಾ ಸೇವೆ ಇವತ್ತಿಗೂ ಸರ್ಕಾರದ ಸಹಾಯಧನವಿಲ್ಲದೆ, ಜನರ ದೇಣಿಗೆಯಿಂದ ನಡೆಯುತ್ತದೆ; ದೋಣಿ ಏರುವವರಲ್ಲಿ ಬಹುಪಾಲು ಸ್ವಯಂಸೇವಕರು. ಇಂಥವರಿಗೆ ಡಚ್ಚರು ಬಳಸುವ ಪದ ‘ಫ್ರೈವಿಲಿಖರ್’. ಸ್ವ-ಇಚ್ಛೆಯಿಂದ ಬಂದವನು ಎಂದರ್ಥ. ಹುದ್ದೆಯಿದ್ದಾಗ ಕರ್ತವ್ಯ ನಮ್ಮನ್ನು ಕರೆಯುತ್ತದೆ. ಹುದ್ದೆಯಿಲ್ಲದಾಗ ನಾವೇ ಎದ್ದು ಹೋಗಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಹಬ್ಬದ ದಿನ ಪಂಕ್ತಿಯಲ್ಲಿ ಸಾರು ಬಡಿಸಲು ನಾವು ಮುಂದೆ ಬರುತ್ತೇವೆ, ಏಕೆಂದರೆ ನಾಲ್ಕು ಜನ ನೋಡುತ್ತಾರೆ. ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುವವರನ್ನು ಹುಡುಕಬೇಕಾಗುತ್ತದೆ. ವಂದನಾರ್ಪಣೆಯಲ್ಲಿ ನಮ್ಮ ಹೆಸರು ಬಿಟ್ಟುಹೋದರೆ ಮನೆ ಸೇರುವವರೆಗೂ ಕಾರಿನಲ್ಲಿ ಅದೇ ಮಾತು. ಇದನ್ನು ಬೇರೆಯವರ ಮೇಲೆ ಹೊರಿಸುತ್ತಿಲ್ಲ, ನಮ್ಮ ಅನುಭವವನ್ನೇ ಬರೆಯುತ್ತಿದ್ದೇವೆ. ಫಲದ ಆಸೆ ಬಿಟ್ಟು ಲೋಕಹಿತಕ್ಕಾಗಿ ದುಡಿಯಬೇಕೆಂಬ ಗೀತೆಯ ಬೋಧೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಮಗೆ, ಒಂದು ಚಪ್ಪಾಳೆಯ ಆಸೆಯನ್ನು ಬಿಡುವುದೇ ಎಷ್ಟು ಕಷ್ಟ!

ನಾವೆಲ್ಲ ಅಡ್ಮಿರಲ್‌ಗಳಾಗಬೇಕಿಲ್ಲ, ಬಿರುಗಾಳಿಗೆ ದೋಣಿ ಇಳಿಸಬೇಕಿಲ್ಲ. ಪಕ್ಕದ ಬೀದಿಯಲ್ಲಿ ಒಂಟಿಯಾಗಿರುವ ಡಚ್ ಅಜ್ಜಿಯ ಬಾಗಿಲು ತಟ್ಟಬಹುದು. ಮೊನ್ನೆ ಮೊನ್ನೆ ಬಂದಿಳಿದ ಕುಟುಂಬಕ್ಕೆ ಪುರಸಭೆಯ ಪತ್ರ ಓದಿ ಹೇಳಬಹುದು. ಸಭೆಯಲ್ಲಿ ಯಾರೂ ಕೇಳಬಯಸದ ಸತ್ಯವನ್ನು ಮೆತ್ತಗೆ ಹೇಳಬಹುದು. ನಿವೃತ್ತಿಯ ದಿನ ಕಚೇರಿಯವರು ಹೂಗುಚ್ಛ ಕೊಟ್ಟು, ಗುರುತಿನ ಚೀಟಿ ವಾಪಸ್ ಪಡೆಯುತ್ತಾರೆ. ಅವರು ವಾಪಸ್ ಪಡೆಯಲಾಗದಂಥದ್ದು ನಮ್ಮ ಬಳಿ ಏನಿದೆ ಎಂದು ಆ ದಿನಕ್ಕೆ ಮೊದಲೇ ಒಮ್ಮೆ ಹುಡುಕಿ ನೋಡೋಣ.